ಸದ್ದಿಲ್ಲದೆ ಇಳಿಯುವ ಗಾಳಿ



ಸಾಹಿತ್ಯ ಸಂಗೀತಗಳಿಗೆ ಒಗ್ಗಿದ ಈ ವೇದಿಕೆಯಲ್ಲಿ ಕಾರಿನ ಟೈರಿನ ಮಾತೇಕೆಂದು ತಮಗೆ ಅನ್ನಿಸಬಹುದು. ಅಮೆರಿಕದ ಈ ಹಿಮದ ನಾಡಿನಲ್ಲಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗಂಟೆಗೆ 65 ಮೈಲಿ ವೇಗದಲ್ಲಿ ಸಾಗುವ ನಮ್ಮ ಭಾರವೆಲ್ಲ ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳ ಮೇಲೆ ನಿಂತಿರುತ್ತದೆ.

ಊರಿನಲ್ಲಿ ನಾವು ಕಂಡ ಪಂಕ್ಚರ್ ಬೇರೆ. ಸೈಕಲ್ಲಿನ ಟ್ಯೂಬಿಗೆ ಮುಳ್ಳು ಚುಚ್ಚಿದರೆ ಗಾಳಿ ಬೇಗನೆ ಹೋಗುತ್ತಿತ್ತು. ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದಲ್ಲಿ ತೇಪೆ ಹಚ್ಚುತ್ತಿದ್ದನು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಆ ಮೊಳೆಯೇ ರಂಧ್ರಕ್ಕೆ ಬೆಣೆಯಾಗಿ ನಿಂತು, ಗಾಳಿ ವಾರಗಟ್ಟಲೆ ಸೋರುವುದುಂಟು. ಗಾಳಿ ತುಂಬಿಸಿದರೆ ಮತ್ತೆ ಕೆಲವು ದಿನ ಓಡುತ್ತದೆ. ಇದೇ ಅದರ ಮೋಸ. ಗಾಳಿ ಕಡಮೆಯಾದ ಟೈರಿನ ಪಕ್ಕಗಳು ಉರುಳಿದಂತೆಲ್ಲ ಬಾಗಿ ಬಾಗಿ ಕಾಯುತ್ತವೆ. ಒಳಪದರ ಶಿಥಿಲಗೊಂಡು ಹೆದ್ದಾರಿಯಲ್ಲಿಯೇ ಸಿಡಿಯಬಹುದು.

ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ತಗ್ಗಿದರೆ ಒತ್ತಡ ಸುಮಾರು 1 ಪೌಂಡ್ ಇಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ‘ಚಳಿಯ ಪ್ರಭಾವ’ ಎಂದು ಸುಮ್ಮನಾಗುವವರು ಹಲವರು. ನಾಲ್ಕೂ ಚಕ್ರಗಳನ್ನು ಅಳೆದು ನೋಡಬೇಕು. ಎಲ್ಲವೂ ಸಮನಾಗಿ ಇಳಿದಿದ್ದರೆ ಚಳಿಯೆನ್ನಬಹುದು. ಒಂದೇ ಇಳಿದಿದ್ದರೆ ಅದು ಸೋರಿಕೆ. ಅಳೆಯುವುದು ಬೆಳಿಗ್ಗೆ, ಕಾರು ಹೊರಡುವ ಮುನ್ನ. ಇರಬೇಕಾದ ಒತ್ತಡವನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಓದಬೇಕೇ ಹೊರತು ಟೈರಿನ ಮೇಲೆ ಅಚ್ಚಾದ ಗರಿಷ್ಠ ಅಂಕಿಯನ್ನಲ್ಲ.

ಎಚ್ಚರಿಕೆಯ ದೀಪವಿದೆಯಲ್ಲ ಎನ್ನುವಿರಿ. 2007ರ ಸೆಪ್ಟೆಂಬರ್‌ನಿಂದ ಇಲ್ಲಿನ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಯಿತು, ನಿಜ. ಆದರೆ ನಿಗದಿತ ಒತ್ತಡಕ್ಕಿಂತ ಶೇಕಡಾ 25 ಇಳಿಯುವ ತನಕ ಅದು ಬೆಳಗಲೇಬೇಕೆಂಬ ನಿಯಮವಿಲ್ಲ. 32 ಪೌಂಡ್ ಇರಬೇಕಾದಲ್ಲಿ 24 ಆಗುವವರೆಗೆ ನಾವು ಕತ್ತಲಲ್ಲಿರಬಹುದು.

ಸೋರುವ ಜಾಗ ಹುಡುಕಲು ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ನೆಲಕ್ಕೆ ತಾಗುವ ಭಾಗ, ವಾಲ್ವು, ಟೈರು ರಿಮ್ಮಿಗೆ ಕೂಡುವ ಅಂಚು, ಎಲ್ಲಕ್ಕೂ ಸವರಿ ಕೆಲವು ನಿಮಿಷ ಕಾಯಬೇಕು. ಸಾಸಿವೆಯಷ್ಟು ಗುಳ್ಳೆಗಳು ನಿಧಾನವಾಗಿ ಏಳುತ್ತವೆ. ಮೊಳೆ ಕಂಡೊಡನೆ ಮನೆಯಲ್ಲೇ ಕೀಳತಕ್ಕದ್ದಲ್ಲ. ರಸ್ತೆಗೆ ಚೆಲ್ಲುವ ಉಪ್ಪಿನಿಂದ ರಿಮ್ಮಿನ ಅಂಚು ಕೊರೆದು ಸೋರುವುದೂ ಇಲ್ಲಿ ಸಾಮಾನ್ಯವೇ. ಆಗ ಟೈರು ಬಿಚ್ಚಿ ಅಂಚನ್ನು ಉಜ್ಜಿಸಿದರೆ ಸರಿಹೋಗುತ್ತದೆ.

ಹೊರಗಿನಿಂದ ರಬ್ಬರಿನ ಬತ್ತಿ ತುರುಕುವುದು ಮೆಕ್ಯಾನಿಕ್ಕಿನ ಬಳಿಗೆ ತಲಪಲು ಮಾತ್ರ. ಸರಿಯಾದ ರಿಪೇರಿಗೆ ಟೈರನ್ನು ರಿಮ್ಮಿನಿಂದ ಕಳಚಿ ಒಳಗೆ ಪರೀಕ್ಷಿಸಬೇಕು. ಗಾಳಿಯಿಲ್ಲದೆ ಓಡಿದ್ದರೆ ಅಲ್ಲಿ ರಬ್ಬರಿನ ಪುಡಿ ಉದುರಿರುತ್ತದೆ, ಅಂಥದನ್ನು ಎಸೆಯಬೇಕಾದದ್ದೇ. ಇಲ್ಲವಾದರೆ ರಂಧ್ರವನ್ನು ತುಂಬಿ, ಒಳಗಿನಿಂದ ತೇಪೆಯನ್ನೂ ಅಂಟಿಸಬೇಕು. ಪಕ್ಕದ ಗೋಡೆಯ ತೂತಿಗೂ, ಕಾಲು ಅಂಗುಲಕ್ಕಿಂತ ದೊಡ್ಡ ತೂತಿಗೂ ರಿಪೇರಿಯಿಲ್ಲ. ನಡೆಯುತ್ತದೆ ಬಿಡಿ ಎನ್ನುವವನ ಮಾತಿಗೆ ಒಪ್ಪದಿರುವುದೇ ಲೇಸು.

ನಾವು ‘ಸ್ಟೆಪ್ನಿ’ ಎನ್ನುವುದು ಇಲ್ಲಿಯವರಿಗೆ ಅರ್ಥವಾಗದು. ವೇಲ್ಸಿನ ಲ್ಯಾನೆಲ್ಲಿ ಪಟ್ಟಣದ ಬೀದಿಯೊಂದರ ಹೆಸರದು, ಬಿಡಿ ಚಕ್ರ 1904ರಲ್ಲಿ ಅಲ್ಲಿ ರೂಪುಗೊಂಡಿತು. ಡಿಕ್ಕಿಯಲ್ಲಿರುವ ಸಣ್ಣ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪೌಂಡ್ ಗಾಳಿ ಬೇಕು. ಅನೇಕ ಹೊಸ ಕಾರುಗಳಲ್ಲಿ ಅದೂ ಇಲ್ಲ. ದೂರ ಪ್ರಯಾಣಕ್ಕೆ ಮುನ್ನ ಡಿಕ್ಕಿಯ ತಳ ಎತ್ತಿ ನೋಡಿಕೊಳ್ಳಿರಿ.