ಕಿಟೆಲ್ ಕಲಿತ ಮನೆ



ಕವಲಾಪುರದ ಕಡೆಯವರಿಗೆ ಮಿರಜಿನ ಮಿಷನ್ ದವಾಖಾನೆಯ ಪರಿಚಯ ಹೇಳಬೇಕಾಗಿಲ್ಲ. ಅಮೆರಿಕನ್ ಮಿಷನ್ನಿನ ಡಾಕ್ಟರ್ ವಾನ್ಲೆಸ್ ಅವರು ಅದನ್ನು 1894ರಲ್ಲಿ ತೆರೆದರು. ಅದೇ 1894ರಲ್ಲಿ ಮಂಗಳೂರಿನಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂತು. ಕಡಲಾಚೆಯಿಂದ ಬಂದು ನಮ್ಮ ಮಾತನ್ನು ಇಷ್ಟು ಆಳವಾಗಿ ಕಲಿತ ಈ ಮನುಷ್ಯ ಬೆಳೆದುಬಂದ ಶಾಲೆ ಎಂಥದು? ಅಲ್ಲಿಯ ದಿನಚರಿ ಹೇಗಿತ್ತು? ಇಂದು ಆ ಸಂಗತಿಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಮ್ಮ ಭಾಗದಂತೆಯೇ ಗಡಿಯ ಊರು. ರೈನ್ ನದಿಯ ದಂಡೆಯ ಮೇಲಿದೆ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಫ್ರಾನ್ಸ್. ಅಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಮರುವರ್ಷವೇ ಧರ್ಮಪ್ರಚಾರಕರನ್ನು ತಯಾರು ಮಾಡುವ ಶಾಲೆ ಶುರುವಾಯಿತು. ಅಲ್ಲಿಗೆ ಬಂದವರಲ್ಲಿ ಶ್ರೀಮಂತರ ಮಕ್ಕಳು ಕಡಿಮೆ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಕ್ಕಲಿಗರ, ಬಡಗಿಗಳ, ನೇಕಾರರ ಮಕ್ಕಳೇ ಹೆಚ್ಚು.

ಆ ಮನೆಯಲ್ಲಿ ದಿನ ನಡೆಯುತ್ತಿದ್ದದ್ದು ಗಂಟೆಯ ಮೇಲೆ. ಬೆಳಗಿನ ಜಾವ ಏಳಬೇಕು. ಪ್ರಾರ್ಥನೆ, ಆಮೇಲೆ ಪಾಠ. ಬೈಬಲ್ ಅಷ್ಟೇ ಅಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್, ಭೂಗೋಲ, ಸಂಗೀತ. ಪುಸ್ತಕ ಮುಚ್ಚಿದ ಮೇಲೆ ಕೈಕೆಲಸ. ಓದಿದವನು ದುಡಿಯಬಾರದೆಂಬ ಭಾವನೆಗೆ ಅಲ್ಲಿ ಎಡೆಯಿರಲಿಲ್ಲ. ರಾತ್ರಿ ಮತ್ತೆ ಪ್ರಾರ್ಥನೆ.

ಶಿಸ್ತು ಬಹಳ ಬಿಗಿ. ಒಬ್ಬ ವಿದ್ಯಾರ್ಥಿ ತಪ್ಪಿ ನಡೆದರೆ ಇನ್ನೊಬ್ಬನು ಅವನಿಗೆ ಬುದ್ಧಿ ಹೇಳಬೇಕು, ಕೇಳದಿದ್ದರೆ ಮೇಲಿನವರಿಗೆ ತಿಳಿಸಬೇಕು. ಗೆಳೆಯನ ಮೇಲೆ ಗೆಳೆಯನೇ ಕಣ್ಣಿಡುವ ಪದ್ಧತಿ ಇದು. ಮದುವೆಯ ವಿಷಯದಲ್ಲಿಯೂ ಸ್ವಂತ ಇಚ್ಛೆ ನಡೆಯುತ್ತಿರಲಿಲ್ಲ. ಅವಿವಾಹಿತನಾಗಿಯೇ ಹಡಗು ಹತ್ತಬೇಕು. ಕೆಲವು ವರ್ಷ ಕೆಲಸ ಮಾಡಿದ ನಂತರ ಸಮಿತಿಯ ಅಪ್ಪಣೆ ಕೇಳಬೇಕು. ಎಷ್ಟೋ ಸಲ ವರನು ಮುಖ ನೋಡದ ವಧು ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಹೆಣ್ಣು ನೋಡುವ ಶಾಸ್ತ್ರವಾದರೂ ನಮ್ಮಲ್ಲಿ ಉಂಟಲ್ಲ ಎಂದು ನೀವು ನಗಬಹುದು!

ಇಂಥ ಮನೆಗೆ ನಮ್ಮ ನಾಡಿನ ತರುಣನೊಬ್ಬನೂ ಹೋಗಿದ್ದ. ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ. 1844ರಲ್ಲಿ ಅವರು ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರು ಆನಂದರಾಯರನ್ನು ಬಾಸೆಲಿಗೆ ಕರೆದೊಯ್ದರು. 1846ರಿಂದ 1851ರ ತನಕ ಅವರು ಅಲ್ಲಿ ಕಲಿತರು. ಆ ಮನೆಯಲ್ಲಿ ಕನ್ನಡದಲ್ಲಿ ಮಾತಾಡಬೇಕೆಂದರೆ ಎಷ್ಟು ಜನ ಸಿಗುತ್ತಿದ್ದರು? ಊರಲ್ಲಿ ಬಿಟ್ಟುಬಂದ ಮನೆಯ ಬಾಗಿಲು ಮುಚ್ಚಿತ್ತು. ದೀಕ್ಷೆ ಪಡೆದು ಹಿಂತಿರುಗಿ ಬಂದ ಮೇಲೂ ಎರಡು ಲೋಕಗಳ ನಡುವೆಯೇ ಬಾಳಿದರು. 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪು ನನ್ನದಲ್ಲ. ಎರಡು ಭಾಷೆಗಳ ನಡುವೆ ಇರುವುದು ಎಷ್ಟು ಕಷ್ಟವೆಂದು ಗಡಿಯ ಜನರಾದ ನಮಗೆ ಗೊತ್ತಿದೆ.

ಇನ್ನು ಕಿಟೆಲ್. 1850ರಲ್ಲಿ ಹದಿನೆಂಟರ ಹರೆಯದಲ್ಲಿ ಬಾಸೆಲ್ ಸೇರಿದರು. 1853ರಲ್ಲಿ ಭಾರತಕ್ಕೆ ಬಂದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ದಿನಾ ತಪ್ಪದೆ ಕೂತು ಕಲಿತ ಅಭ್ಯಾಸವನ್ನೇ ಕನ್ನಡಕ್ಕೂ ತಂದರು. ಆದರೆ ಪ್ರಚಾರ ಬಿಟ್ಟು ಹಳಗನ್ನಡ ಕಾವ್ಯಗಳಲ್ಲಿ ಮುಳುಗುವುದು ಮೇಲಿನವರೆಲ್ಲರಿಗೂ ಹಿಡಿಸಲಿಲ್ಲ. ವಿಧೇಯತೆ ಕಲಿಸಿದ ಶಾಲೆಯ ಶಿಷ್ಯನೇ ತನ್ನ ಮನಸ್ಸಿಗೆ ಹಿಡಿದ ಕೆಲಸವನ್ನು ಬಿಡಲಿಲ್ಲ. ಓಲೆಗರಿ ಬಲ್ಲ ಪಂಡಿತರನ್ನು ಕೇಳಿದರು, ಜನರಾಡುವ ಮಾತನ್ನು, ಗಾದೆಗಳನ್ನು ಕೂಡಿಸಿದರು. ಫಲವಾಗಿ ಸುಮಾರು 70,000 ಶಬ್ದಗಳ ನಿಘಂಟು ಸಿದ್ಧವಾಯಿತು. ಅದರಲ್ಲಿ ಅನೇಕ ಶಬ್ದಗಳ ಪಕ್ಕದಲ್ಲಿ ಮರಾಠಿಯ ಗುರುತೂ ಇದೆ. ನಮ್ಮೆರಡು ಮಾತುಗಳ ಕೊಡುಕೊಳ್ಳುವಿಕೆಯನ್ನು ಅವರು ಪುಟಪುಟದಲ್ಲೂ ಕಂಡಿದ್ದರು.

ಬಾಸೆಲ್ ಶಾಲೆ ಅವರಿಗೆ ಕೊಟ್ಟದ್ದು ಕೂತು ಕಲಿಯುವ ರೂಢಿ. ಕನ್ನಡ ಕೊಟ್ಟವರು ನಮ್ಮ ಹಿರಿಯರು, ತಮ್ಮ ಮನೆಯ ಕಟ್ಟೆಯ ಮೇಲೆ. ಇಂದು ನಮ್ಮಲ್ಲಿ ಕಟ್ಟೆ ಇದೆ, ಅದರ ಮೇಲೆ ಕೂತ ಅಜ್ಜಿಯೂ ಇದ್ದಾಳೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಮಾತ್ರ ಅವಳ ಹತ್ತಿರ ಕೂಡುವುದಿಲ್ಲ. ‘ಕುಳವ’ ಅಂದರೆ ಅವನಿಗೆ ತಿಳಿಯುತ್ತದೆ, ‘ಕುಂಟೆ’ ಅಂದರೆ ಮುಖ ನೋಡುತ್ತಾನೆ. ಅವನು ಮರಾಠಿ ಚೆನ್ನಾಗಿ ಕಲಿಯಲಿ, ಅದು ಅನ್ನದ ಭಾಷೆ, ನೆರೆಯವರ ಭಾಷೆ. ಅದರ ಜೊತೆಗೆ ಮನೆಯ ಮಾತೂ ಉಳಿಯಲಿ.

ಅದಕ್ಕೆ ಬಾಸೆಲಿನ ಬಿಗಿ ನಿಯಮ ಬೇಕಿಲ್ಲ. ರಾತ್ರಿ ಊಟವಾದ ಮೇಲೆ ಅರ್ಧ ತಾಸು ಸಾಕು. ಅಜ್ಜಿ ಹೇಳಲಿ, ಮೊಮ್ಮಗ ಒಂದು ವಹಿಯಲ್ಲಿ ಬರೆಯಲಿ: ಹೊಲದ ಸಾಮಾನಿನ ಹೆಸರು, ಅಡಿಗೆಯ ಹೆಸರು, ಒಂದು ಗಾದೆ. ಕನ್ನಡ ಅಕ್ಷರ ಬಾರದಿದ್ದರೆ ಸದ್ಯ ಮರಾಠಿ ಅಕ್ಷರದಲ್ಲೇ ಬರೆಯಲಿ, ಚಿಂತೆಯಿಲ್ಲ. ವರ್ಷ ತುಂಬುವಷ್ಟರಲ್ಲಿ ಆ ವಹಿ ನಿಮ್ಮ ಮನೆಯ ನಿಘಂಟಾಗಿರುತ್ತದೆ.

ಇವತ್ತು ರಾತ್ರಿಯೇ ಶುರು ಮಾಡಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.