ಇಂಗ್ಲಿಷ್ ಪ್ರಬಂಧದಲ್ಲಿ ನಮ್ಮ ಅಲಂಕಾರ

ಕಳೆದ ವರ್ಷ ಒಂದು ದಿನ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಐವತ್ತೈದರ ಆಸುಪಾಸಿನವರೊಬ್ಬರು ಹತ್ತಿರ ಬಂದು ಕೈಮುಗಿದು, "ಸಾರ್, ಗುರುತು ಸಿಕ್ಕಿತೆ? ನೀವು ನನ್ನ ಹಗ್ಗಕ್ಕೆ ಗೀಟು ಹಾಕಿದ್ದಿರಿ" ಎಂದರು. ಹೆಸರು ಮರೆತಿತ್ತು, ಮುಖ ಮರೆತಿತ್ತು. ಹಗ್ಗ ಮಾತ್ರ ಒಡನೆಯೇ ನೆನಪಿಗೆ ಬಂತು.

ಅದು ನಾನು ಕನ್ನಡ ಎಂ.ಎ. ಮುಗಿಸಿ ನಮ್ಮ ಜಿಲ್ಲೆಯ ಒಂದು ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದ ಹೊಸತು. ಇಂಗ್ಲಿಷ್ ಅಧ್ಯಾಪಕರ ಹುದ್ದೆ ಖಾಲಿ ಬಿದ್ದಿದ್ದರಿಂದ ಒಂದು ವರ್ಷದ ಮಟ್ಟಿಗೆ ಪಿ.ಯು.ಸಿ. ತರಗತಿಯ ಇಂಗ್ಲಿಷ್ ಕಂಪೋಸಿಷನ್ ನನ್ನ ಪಾಲಿಗೆ ಬಂತು. ‘ನಮ್ಮೂರ ಬೇಸಿಗೆ’ ಎಂಬ ವಿಷಯ ಕೊಟ್ಟು ಬರೆಯಹೇಳಿದೆ. ಹೊಸದುರ್ಗದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಬರದ ವರ್ಷ ತಮ್ಮ ಸೇದುವ ಬಾವಿ ಬತ್ತಿದ್ದನ್ನು ಬರೆದಿದ್ದ. ಇಂಗ್ಲಿಷ್ ತಪ್ಪುತಪ್ಪಾಗಿತ್ತು. ಆದರೆ ಅದರ ನಡುವೆ ಒಂದು ವಾಕ್ಯ ಹೀಗಿತ್ತು: ಬಾವಿಯ ಹಗ್ಗ ಕೆಲಸವಿಲ್ಲದ ಮನೆಅಳಿಯನ ಹಾಗೆ ಮೂಲೆಯಲ್ಲಿ ಕುಳಿತಿತ್ತು.

ಅದರ ಮೇಲೆ ನಾನು ಕೆಂಪು ಗೀಟು ಎಳೆದೆ. ಇಂಗ್ಲಿಷಿನಲ್ಲಿ ಹೀಗೆ ಬರೆಯುವುದಿಲ್ಲ, ಗೈಡಿನ ಕೊನೆಯಲ್ಲಿರುವ ಉಪಮೆಗಳ ಪಟ್ಟಿಯನ್ನು ಉರುಹಾಕು ಎಂದು ಅಂಚಿನಲ್ಲಿ ಬರೆದೆ. ಹುಡುಗ ವಿಧೇಯ. ಮುಂದಿನ ಪ್ರಬಂಧದಲ್ಲಿ ಹಿಮದಂತೆ ಬೆಳ್ಳಗಿರುವ ಬಟ್ಟೆ, ಸಿಂಹದಂತೆ ಧೀರನಾದ ಮನುಷ್ಯ, ಸೌತೆಕಾಯಿಯಂತೆ ತಣ್ಣಗಿರುವ ಮನಸ್ಸು ಎಲ್ಲವೂ ಸಾಲಾಗಿ ಬಂದವು. ಹಿಮವನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಒಳ್ಳೆಯ ಅಂಕ ಕೊಟ್ಟೆ. ಆ ವರ್ಷವೆಲ್ಲ ಅವನ ಬರವಣಿಗೆಯಲ್ಲಿ ಅವನ ಊರು ಮತ್ತೆ ಕಾಣಿಸಲಿಲ್ಲ.

ಈಗ ಅವರು ಅಡಿಕೆ ತೋಟ ಮಾಡಿಕೊಂಡಿದ್ದಾರೆ. ಮಗಳು ಕಾಲೇಜಿನಲ್ಲಿದ್ದಾಳೆ. "ಇಂಗ್ಲಿಷ್ ಪ್ರಬಂಧ ಎಂದರೆ ಹೆದರುತ್ತಾಳೆ ಸಾರ್, ಏನಾದರೂ ದಾರಿ ಹೇಳಿ" ಎಂದು ಕೇಳಿದರು. ಅಂದು ತಂದೆಗೆ ಹೇಳಬೇಕಾಗಿದ್ದು ಯಾವುದೋ ಅದನ್ನೇ ಇಂದು ಮಗಳಿಗೂ ಅವಳಂಥ ವಿದ್ಯಾರ್ಥಿಗಳಿಗೂ ಹೇಳಲು ಯತ್ನಿಸುತ್ತೇನೆ.

ಮೊದಲು ‘ಅಲಂಕಾರ’ ಎಂಬ ಪದವನ್ನೇ ನೋಡೋಣ. ‘ಅಲಂ’ ಎಂದರೆ ಸಾಕು. ಸಾಕೆನಿಸುವಂತೆ ಮಾಡುವುದು ಅಲಂಕಾರ. ಬರಿಯ ಮಾತಿಗೆ ಸಾಲದೆ ಹೋದ ಶಕ್ತಿಯನ್ನು ತುಂಬಿಕೊಡುವುದು ಅದರ ಕೆಲಸ, ಮೇಲಿನಿಂದ ತೊಡಿಸುವ ಒಡವೆಯ ಕೆಲಸವಲ್ಲ. ಪಶ್ಚಿಮದಲ್ಲಿ ಈ ವಿದ್ಯೆ ನ್ಯಾಯಸ್ಥಾನದಲ್ಲಿ, ಸಭೆಯಲ್ಲಿ ಎದುರಿನವರನ್ನು ಒಪ್ಪಿಸುವ ಮಾತುಗಾರಿಕೆಯಿಂದ ಬೆಳೆಯಿತು. ನಮ್ಮಲ್ಲಿ ನಾಟ್ಯ, ಕಾವ್ಯಗಳ ವಿಚಾರದಿಂದ ಬೆಳೆಯಿತು. ಬೇರು ಬೇರೆಯಾದರೂ ಹಣ್ಣು ಬಹುಮಟ್ಟಿಗೆ ಒಂದೇ.

ಗ್ರೀಸಿನ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ, ರೂಪಕದ ಮೇಲಿನ ಹಿಡಿತ ಒಬ್ಬರಿಂದ ಒಬ್ಬರು ಕಲಿಯತಕ್ಕದ್ದಲ್ಲ, ಅದು ಸಾದೃಶ್ಯವನ್ನು ಕಾಣುವ ಕಣ್ಣು ಎನ್ನುತ್ತಾನೆ. ಒಂಬತ್ತನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ವು ಈ ನಾಡಿನ ಜನ ವಿಶೇಷವಾಗಿ ಓದಿಕೊಳ್ಳದೆಯೂ ಕಾವ್ಯದ ಮಾತಿನಲ್ಲಿ ಪಳಗಿದ ಬುದ್ಧಿಯವರು ಎಂಬ ಅರ್ಥದ ಹೊಗಳಿಕೆಯನ್ನು ಹೇಳುತ್ತದೆ. ಕಲಿಸಿ ಬರುವುದಲ್ಲ ಎಂದು ಒಬ್ಬನು ಹೇಳಿದ್ದು ಕಲಿಯದೆಯೇ ನಿಮ್ಮಲ್ಲಿದೆ ಎಂದು ನಮ್ಮ ಗ್ರಂಥ ಹೇಳುತ್ತದೆ. ಹಾಗಾದರೆ ಅಧ್ಯಾಪಕನ ಕೆಲಸವೇನು? ಇದ್ದುದನ್ನು ಕೆಡಿಸದೆ ಇರುವುದು, ಮತ್ತು ಇರುವುದಕ್ಕೆ ಹೆಸರಿಟ್ಟು ತೋರಿಸಿಕೊಡುವುದು.

ಹೆಸರಿಟ್ಟು ನೋಡೋಣ. ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ. ಇಂಗ್ಲಿಷಿನ ಸಿಮಿಲಿಗೂ ಇವೇ ನಾಲ್ಕು ಅಂಗಗಳನ್ನು ಹೇಳಬಹುದು. ಆ ಹುಡುಗನ ವಾಕ್ಯದಲ್ಲಿ ಹಗ್ಗ ಉಪಮೇಯ, ಮನೆಅಳಿಯ ಉಪಮಾನ, ‘ಹಾಗೆ’ ವಾಚಕ. ಸಮಾನಧರ್ಮ ಯಾವುದು? ಕೆಲಸವಿಲ್ಲ ಎಂಬುದಷ್ಟೇ ಅಲ್ಲ. ಹೊರಗೆ ಹಾಕುವಂತಿಲ್ಲ, ಇಟ್ಟುಕೊಂಡರೆ ಉಪಯೋಗವಿಲ್ಲ, ಮನೆಯವರಾರೂ ಅದರ ಮುಖ ನೋಡುವಂತಿಲ್ಲ. ಬರದ ಮನೆಯ ಸಂಕೋಚ, ಸಿಡುಕು, ನಗು ಮೂರೂ ಅಲ್ಲಿ ಒಟ್ಟಿಗೆ ಇದ್ದವು. ‘ಧೂಳಿನಂತೆ ಒಣಗಿತ್ತು’ ಎಂಬ ಗೈಡಿನ ಉಪಮೆಯಲ್ಲಿ ಧೂಳಿದೆ, ಮನೆಯಿಲ್ಲ.

ವಾಚಕವನ್ನು ಬಿಟ್ಟು, ಎರಡನ್ನೂ ಒಂದೇ ಎಂದರೆ ರೂಪಕ, ಎಂದರೆ ಇಂಗ್ಲಿಷಿನ ಮೆಟಫರ್. ಕೆಲವೊಮ್ಮೆ ಅದು ಒಂದು ಕ್ರಿಯೆಯಲ್ಲಿಯೇ ಅಡಗಿರುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈವಶವಾಯಿತು. ಇಂಗ್ಲಿಷಿನಲ್ಲಿ ಇದನ್ನು ಹೇಳುವಾಗ ಕೋಟೆ ‘ಬಿತ್ತು’ ಎನ್ನುವುದು ವಾಡಿಕೆ. ಗೋಡೆ ಬೀಳುತ್ತದೆ, ಮನುಷ್ಯ ಬೀಳುತ್ತಾನೆ. ಆ ಹೋಲಿಕೆಯಿಂದ ಬಂದ ಮಾತು ಅದು. ತ.ರಾ.ಸು. ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸೂರ್ಯನೆಂಬ ಮಾತು ಅಲ್ಲಿಲ್ಲ, ಆದರೂ ಕೋಟೆ ಸೂರ್ಯನಾಯಿತು. ಬಿದ್ದದ್ದು ಕಣ್ಣೆದುರಿಗೆ ಬಿದ್ದಿರುತ್ತದೆ. ಮುಳುಗಿದ್ದು ಕತ್ತಲನ್ನು ಉಳಿಸಿ ಹೋಗುತ್ತದೆ. ಒಂದೇ ಘಟನೆ, ಎರಡು ರೂಪಕ, ಎರಡು ಬಗೆಯ ದುಃಖ. ಇದನ್ನು ಬಲ್ಲ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಬರೆಯುವಾಗಲೂ ಯಾವ ಕ್ರಿಯಾಪದ ಬೇಕೆಂದು ಒಂದು ಕ್ಷಣ ನಿಲ್ಲುತ್ತಾನೆ. ಆ ನಿಲುವೇ ಶಿಕ್ಷಣ.

ಇನ್ನು ಮೆಟಾನಮಿ. ಹೆಸರು ಕೇಳಿಯೇ ಮಕ್ಕಳು ಬೆದರುತ್ತಾರೆ. ನಮ್ಮ ಶಾಸ್ತ್ರದ ಲಕ್ಷಣಾವೃತ್ತಿಗೆ ಅದು ಹತ್ತಿರದ ನೆಂಟ. ‘ಗಂಗೆಯ ಮೇಲೆ ಹಟ್ಟಿಯಿದೆ’ ಎಂಬುದು ಲಕ್ಷಣೆಗೆ ಪಂಡಿತರು ಕೊಡುವ ಹಳೆಯ ಉದಾಹರಣೆ. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದು. ಆದ್ದರಿಂದ ಗಂಗೆ ಎಂದರೆ ಗಂಗೆಯ ದಡ. ಹಿರಿಯೂರು ವೇದಾವತಿಯ ದಡದಲ್ಲಿದೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಆನ್ ದಿ ವೇದಾವತಿ’ ಎನ್ನುತ್ತೇವೆ. ಪಂಡಿತರ ಗಂಗೆಯ ಹಟ್ಟಿಗೂ ಇಂಗ್ಲಿಷಿನ ಈ ಪುಟ್ಟ ಪದಕ್ಕೂ ವ್ಯತ್ಯಾಸವಿಲ್ಲ. ಒನಕೆ ಓಬವ್ವ ಎಂಬ ಹೆಸರೂ ಹಾಗೆಯೇ. ಕೈಯಲ್ಲಿದ್ದ ಉಪಕರಣ ಅವಳ ಇಡೀ ಕೃತ್ಯಕ್ಕೆ ಪ್ರತಿನಿಧಿಯಾಯಿತು. ಅದು ಕತ್ತಿಯಾಗದೆ ಭತ್ತ ಕುಟ್ಟುವ ಒನಕೆಯಾದದ್ದರಿಂದ ಹೆಸರಿನಲ್ಲಿಯೇ ಒಂದು ವಿರೋಧಾಲಂಕಾರದ ಛಾಯೆಯೂ ಸೇರಿಕೊಂಡಿತು.

ಅತಿಶಯೋಕ್ತಿಗೂ ಹಿರಿಯೂರನ್ನು ಬಿಟ್ಟು ಹೋಗಬೇಕಾಗಿಲ್ಲ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ವಾಣಿವಿಲಾಸ ಸಾಗರ ಎಂದು ಹೆಸರು. ಬಯಲುಸೀಮೆಯವರು ಕೆರೆಯನ್ನು ಸಾಗರವೆಂದದ್ದು ಸುಳ್ಳಲ್ಲ, ಬಾಯಾರಿಕೆಯ ಅಳತೆ. ಅದು 1933ರಲ್ಲಿ ತುಂಬಿ ಕೋಡಿ ಬಿದ್ದದ್ದು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ನಾನು ಬಲ್ಲ ಮುದುಕರೊಬ್ಬರು ಸಾಲ ಕೇಳಲು ಬಂದವರಿಗೆ, "ಮಾರಿಕಣಿವೆ ಕೋಡಿ ಬೀಳಲಿ, ಕೊಡುತ್ತೇನೆ" ಎನ್ನುತ್ತಿದ್ದರು. ಅಸಂಭವವನ್ನು ಷರತ್ತಾಗಿಟ್ಟು ಇಲ್ಲವೆನ್ನುವ ಈ ಜಾಣ್ಮೆಗೆ ಇಂಗ್ಲಿಷ್ ಅಲಂಕಾರ ಗ್ರಂಥಗಳಲ್ಲಿಯೂ ಸ್ಥಾನವಿದೆ. 2022ರ ಮಳೆ ಆ ಮಾತಿನ ಬಲವನ್ನು ಕಿತ್ತುಕೊಂಡಿತು. ಲೋಕದ ವಾಸ್ತವ ಬದಲಾದರೆ ಅಲಂಕಾರವೂ ಬದಲಾಗಬೇಕು. ಉರುಹಾಕಿದವನಿಗೆ ಇದು ತಿಳಿಯುವುದಿಲ್ಲ, ನೋಡಿದವನಿಗೆ ತಿಳಿಯುತ್ತದೆ.

ಇದಕ್ಕೆ ಎದುರಾದದ್ದು ಕಡಿಮೆ ಮಾಡಿ ಹೇಳುವುದು. ಇಂಗ್ಲಿಷಿನಲ್ಲಿ ಇದರ ಒಂದು ಬಗೆಗೆ ಲೈಟೊಟೀಸ್ ಎಂದು ಹೆಸರು. ಚೆನ್ನಾಗಿದೆ ಎನ್ನುವ ಬದಲು ‘ನಾಟ್ ಬ್ಯಾಡ್’ ಎಂದು ಇಂಗ್ಲಿಷಿನವರು ಹೇಳುವುದನ್ನು ಅವರ ಸ್ವಭಾವದ ಗುರುತೆಂದು ಪಾಠ ಹೇಳುತ್ತೇವೆ. ಹೊಳಲ್ಕೆರೆಯಲ್ಲಿ ಒಳ್ಳೆಯ ಫಸಲು ಕೊಯ್ದ ರೈತರನ್ನು ಈ ಸಲ ಅಡಿಕೆ ಹೇಗೆ ಎಂದು ಕೇಳಿ ನೋಡಿ. "ಪರವಾಗಿಲ್ಲ" ಎನ್ನುತ್ತಾರೆ. ಅದೇ ಅಲಂಕಾರ, ಅದೇ ಸಂಕೋಚ, ದೃಷ್ಟಿ ತಾಗೀತೆಂಬ ಅಂಜಿಕೆ ಮಾತ್ರ ನಮ್ಮದು.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಲಂಕಾರ ಭಾಷೆಯಿಂದ ಭಾಷೆಗೆ ದಾಟುತ್ತದೆ, ನುಡಿಗಟ್ಟು ದಾಟುವುದಿಲ್ಲ. ನೆರೆಯವನ ಏಳಿಗೆ ಕಂಡು ಹೊಟ್ಟೆ ಉರಿಯಿತು ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ ಓದುಗ ಔಷಧಿ ಹುಡುಕುತ್ತಾನೆ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಕವಿರಾಜಮಾರ್ಗಕಾರ ಕನ್ನಡ ಸಂಸ್ಕೃತ ಪದಗಳ ತಕ್ಕದಲ್ಲದ ಬೆರಕೆಯನ್ನು ಹಳಿದದ್ದು ಇಲ್ಲಿಗೂ ಸಲ್ಲುತ್ತದೆ. ಅಲಂಕಾರವನ್ನು ಬೋಧಿಸುವ ಆ ಗ್ರಂಥಕ್ಕೆ ತಕ್ಕ ಉಪಮೆ ಅಡುಗೆಮನೆಯಲ್ಲಿಯೇ ಸಿಕ್ಕಿತೆಂಬುದನ್ನು ನನ್ನ ವಿದ್ಯಾರ್ಥಿಗಳು ಗಮನಿಸಬೇಕು.

ಹಾಗಾದರೆ ಮನೆಅಳಿಯ ಇಂಗ್ಲಿಷಿಗೆ ದಾಟುತ್ತಾನೆಯೆ? ದಾಟುತ್ತಾನೆ, ಆದರೆ ಒಬ್ಬನೇ ಅಲ್ಲ. ಹೆಂಡತಿಯ ತವರಿನಲ್ಲಿ ಬಂದು ನೆಲಸಿದವನ ಸ್ಥಿತಿ ಎಂಥದೆಂದು ತಿಳಿಸುವ ಒಂದು ಉಪವಾಕ್ಯ ಜೊತೆಗೆ ಹೋಗಬೇಕು. ಆ ಹುಡುಗನಿಂದ ನಾನು ಕೇಳಬೇಕಾಗಿದ್ದದ್ದು ಅದೊಂದೇ ಉಪವಾಕ್ಯ. ಕೇಳುವ ಬದಲು ಗೀಟು ಎಳೆದೆ. ಅವನ ವ್ಯಾಕರಣ ತಪ್ಪಾಗಿತ್ತು, ನನ್ನ ವಿವೇಚನೆ ತಪ್ಪಾಗಿತ್ತು. ವ್ಯಾಕರಣವನ್ನು ತಿದ್ದುವುದು ಸುಲಭವಾಗಿತ್ತು.

ವಿದ್ಯಾರ್ಥಿಗಳು ಪ್ರಬಂಧ ಬರೆದ ಮೇಲೆ ತಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಹೋಲಿಕೆಯನ್ನು ತೆಗೆದರೆ ಅರ್ಥದಲ್ಲಿ ಏನಾದರೂ ನಷ್ಟವಾಗುತ್ತದೆಯೆ? ಆಗದಿದ್ದರೆ ತೆಗೆಯಿರಿ. ಇದನ್ನು ನಾನು ಕಂಡು ಬರೆದೆನೆ, ಅಚ್ಚಿನಲ್ಲಿ ಓದಿ ಬರೆದೆನೆ? ಅಚ್ಚಿನಲ್ಲಿ ಕಂಡು ಕಂಡು ಸವೆದ ಹೋಲಿಕೆಗಳನ್ನು ಬಳಸಬೇಡಿ ಎಂದು ಜಾರ್ಜ್ ಆರ್ವೆಲ್ 1946ರಲ್ಲಿ ತನ್ನ ದೇಶದವರಿಗೇ ಬುದ್ಧಿ ಹೇಳಬೇಕಾಯಿತು. ಮೂರನೆಯದು, ಓದುವವನಿಗೆ ನನ್ನ ಊರು ಗೊತ್ತಿಲ್ಲದಿದ್ದರೆ ಇನ್ನೇನನ್ನು ಹೇಳಬೇಕು? ಔಚಿತ್ಯ ಎನ್ನುವುದು ಇದನ್ನೇ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಗೀಡೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಹೇಳಿದ.

ಪ್ರಬಂಧಗಳನ್ನು ತಿದ್ದುವ ಅಧ್ಯಾಪಕ ಮಿತ್ರರಲ್ಲಿ ಒಂದು ಪ್ರಾರ್ಥನೆ. ಕೆಂಪು ಶಾಯಿ ಕಾಗುಣಿತಕ್ಕೂ ವ್ಯಾಕರಣಕ್ಕೂ ಇರಲಿ. ಹಳ್ಳಿಯ ಮಗುವೊಂದು ತಾನು ಕಂಡದ್ದನ್ನು ಹೋಲಿಸಿ ಬರೆದಿದ್ದರೆ, ನಿಮಗೆ ಅದು ಒಡನೆ ಹಿಡಿಸದಿದ್ದರೂ, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕರೆದು ಕೇಳಿ.

ಬಸ್ಸು ಹತ್ತುವ ಮುನ್ನ ಆ ಹಳೆಯ ನೋಟ್‌ಬುಕ್ ಇದೆಯೇ ಎಂದು ಅವರನ್ನು ಕೇಳಿದೆ. ಎಂದೋ ರದ್ದಿಗೆ ಹೋಯಿತೆಂದರು. ವಾಕ್ಯ ನೆನಪಿದೆಯಲ್ಲ, ಮಗಳಿಗೆ ಹೇಳಿ ಎಂದೆ. "ಹೇಳಿದ್ದೇನೆ ಸಾರ್, ನಗುತ್ತಾಳೆ" ಎಂದರು. ನಗುವಾದರೂ ತಿಳಿದು ನಗುವುದು. ಅವಳು ಅಲ್ಲಿಂದಲೇ ಮೊದಲುಮಾಡಲಿ.