ನಲವತ್ತೊಂಬತ್ತರಾಗ ಕಾಗುಣಿತ

ಯುವಕರ ಸಭಾಕ್ಕ ಐವತ್ತು ಮುಟ್ಟಾಕ ಬಂದಾಂವನ್ನ ಯಾಕ ಕರದ್ರು ಅಂತ ಕೆಲವರು ನಗಾಕತ್ತೀರಿ. ನಗ್ರಿ. ಆದ್ರ ನಾ ಹೇಳೂದು ನಿಮ್ಮ ಮನಿಯೊಳಗಿಂದೇ ಮಾತು. ನಿಮ್ಮಪ್ಪ, ನಿಮ್ಮವ್ವ ಈಗ ನನ್ನ ವಯಸ್ಸಿನಾಗ ಅದಾರ.

ನಾನು ಅಕ್ಕಲಕೋಟ ತಾಲೂಕಿನವ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇಪ್ಪತ್ನಾಲ್ಕು ವರ್ಷ ಪುಣೆಯ ಒಂದು ಕಾರ್ಖಾನೆಯಲ್ಲಿ ದುಡಿದೆ. ಅಲ್ಲಿ ನಾನು 'ಸೋಲಾಪುರದಾಂವ'. ವಿಜಯಪುರದ ಬೀಗರ ಮನೆಗೆ ಹೋದರೆ 'ಮಹಾರಾಷ್ಟ್ರದವರು'. ದುಡಿಯುವಾಗ ಇದರಿಂದ ತ್ರಾಸ ಆಗಲಿಲ್ಲ. ಕೊರಳಾಗಿನ ಗುರುತಿನ ಚೀಟಿಯಲ್ಲಿ ಹೆಸರು, ನಂಬರು ಇತ್ತು, ಅಷ್ಟು ಸಾಕಿತ್ತು. ಎರಡು ವರ್ಷದ ಹಿಂದೆ ಕಾರ್ಖಾನೆ ಬಾಗಿಲು ಹಾಕಿತು. ಚೀಟಿ ವಾಪಸ್ ಕೊಟ್ಟೆ. ಪಗಾರ ನಿಂತಿತು, ಅದೊಂದು ಸಂಕಟ. ಬ್ಯಾಂಕಿನ ಫಾರ್ಮಿನಾಗ 'ಉದ್ಯೋಗ' ಅನ್ನೂ ಜಾಗಾಕ್ಕ ಬಂದಾಗ ಪೆನ್ನು ನಿಂತಿತಲ್ಲ, ಅದು ಬ್ಯಾರೆ ಸಂಕಟ. 'ನಾ ಯಾರು' ಅನ್ನೂದು ಮಠದಾಗ ಕೇಳೂ ಪ್ರಶ್ನೆ ಅಂತ ತಿಳಿದಿದ್ದೆ, ಅದು ಬ್ಯಾಂಕಿನ ಕೌಂಟರಿನ ಮುಂದೂ ಬರ್ತದ.

ಊರಿಗೆ ಬಂದೆ. ಮಾಡಿನ ಮ್ಯಾಲ ಅಪ್ಪನ ಟ್ರಂಕ್ ಇತ್ತು, ಅದರೊಳಗ ದಾರ ಹಾಕಿ ಹೊಲಿದ ಲೆಕ್ಕದ ವಹಿ. ಎಲ್ಲಾ ಕನ್ನಡ. ನಾ ಹುಟ್ಟಿನಿಂದ ಆಡಿದ ಭಾಷೆ, ಒಂದು ಅಕ್ಷರ ಓದಾಕ ಬರೂದಿಲ್ಲ! ನಮ್ಮಣ್ಣನ ಮೊಮ್ಮಗಳು ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ ಏಳನೇತ್ತ ಓದ್ತಾಳ. ಆಕಿನ್ನೇ ಗುರು ಮಾಡಿಕೊಂಡೆ. ಮರಾಠಿ ಬಾರಾಖಡಿ ಬರೂ ಮಂದಿಗೆ ಇದು ಬಾಳ ಕಠಿಣ ಇಲ್ಲ, ಅಕ್ಷರಗಳ ಸಾಲು ಹೆಚ್ಚುಕಡಿಮೆ ಒಂದೇ. ತೊಡಕು ಬರೂದು ಬ್ಯಾರೆ ಕಡೆ. 'ಎ' ಮತ್ತು 'ಏ', 'ಒ' ಮತ್ತು 'ಓ' ಮರಾಠಿಯಲ್ಲಿ ಬ್ಯಾರೆ ಬ್ಯಾರೆ ಬರೆಯೂದಿಲ್ಲ. ಬಾಯಾಗ ಫರಕು ಇತ್ತು, ಕಣ್ಣಿಗೆ ಗೊತ್ತಿರಲಿಲ್ಲ. 'ಖರ್ಚು' ಅನ್ನೂ ಒಂದು ಶಬ್ದಕ್ಕ ಒಂದು ಸಂಜಿ ಹೋತು. ಮರಾಠಿಯ ರಫಾರ ತಲಿ ಮ್ಯಾಲ ಕೂಡ್ತದ, ನಮ್ಮ ಅರ್ಕಾವತ್ತು ಬೆನ್ನ ಹಿಂದ ಬರ್ತದ. ಹುಡುಗಿ ನಕ್ಕೂ ನಕ್ಕು ಸಾಕಾದಳು.

ವಹಿಯೊಳಗ ಏನಿತ್ತು? ಯಾರಿಗೆ ಎಷ್ಟು ಸೇರು ಜೋಳ ಕೊಟ್ಟದ್ದು, ಹಸ್ತ ಮಳೆ ಬಂತೋ ಇಲ್ಲೋ, ಎತ್ತಿನ ರೊಕ್ಕ. 1972ರ ಬರದ ಒಂದು ಹಾಳಿ ಇತ್ತು: ಖಡಿ ಒಡೆಯುವ ಕೆಲಸಕ್ಕೆ ಹೋದವರ ಹೆಸರು, ಮುಂದೆ ದಿನದ ಕೂಲಿ. ಮೂರನೇ ಹೆಸರು ನಮ್ಮವ್ವಂದು. ಆಕಿ ರಸ್ತೆಗೆ ಖಡಿ ಒಡೆದದ್ದು ನಮಗ ಯಾರಿಗೂ ಗೊತ್ತಿರಲಿಲ್ಲ. ಹೇಳಾಕ ಆಕಿನೂ ಈಗಿಲ್ಲ. ಈ ಸುದ್ದಿ ನನಗ ಮುಟ್ಟಿದ್ದು ಕನ್ನಡ ಓದಾಕ ಬಂದದ್ದಕ್ಕ.

ಇದು ನನ್ನೊಬ್ಬನ ಕಥಿ ಅಲ್ಲ. ಜಯದೇವಿ ತಾಯಿ ಲಿಗಾಡೆ 1912ರಲ್ಲಿ ಸೋಲಾಪುರದಲ್ಲಿ ಹುಟ್ಟಿದವರು, ಕಲಿತದ್ದು ಮರಾಠಿಯಲ್ಲಿ. ಕನ್ನಡವನ್ನು ಸ್ವಂತ ಹಟದಿಂದ ಕಲಿತು ಸಿದ್ಧರಾಮನ ಮೇಲೆ ಪುರಾಣವನ್ನೇ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದಾಗ ಅವರಿಗೆ ಅರವತ್ತು ದಾಟಿತ್ತು. ಮರಾಠಿಯನ್ನೂ ಬಿಡಲಿಲ್ಲ, ಎರಡರಲ್ಲೂ ಬರೆದರು. ಒಂದನ್ನ ಹಿಡಿಯಾಕ ಇನ್ನೊಂದನ್ನ ಚೆಲ್ಲಬೇಕು ಅನ್ನೋರ ಮಾತು ನನಗ ಪಟಾಯಿಸೂದಿಲ್ಲ.

ಈಗ ಇನ್ನೊಂದು ಫಾರ್ಮಿನ ಮಾತು. ಜನಗಣತಿಯಲ್ಲಿ 'ಮಾತೃಭಾಷೆ' ಅಂತ ಒಂದು ಕಾಲಂ ಇರ್ತದ. 2011ರಲ್ಲಿ ಗಣತಿದಾರರಿಗೆ ಕೊಟ್ಟ ಸೂಚನೆಯಲ್ಲಿ ಅದರ ಅರ್ಥ ಸ್ಪಷ್ಟ ಇತ್ತು: ಬಾಲ್ಯದಲ್ಲಿ ತಾಯಿ ನಮ್ಮ ಜೋಡಿ ಆಡಿದ ಭಾಷೆ. ಶಾಲೆಯದ್ದಲ್ಲ, ರಾಜ್ಯದ್ದಲ್ಲ. ಬರೂ ಬ್ಯಾರೆ ಭಾಷೆ ಬರೆಸಾಕ ಬ್ಯಾರೆ ಜಾಗಾನೇ ಇತ್ತು. ನನ್ನ ವಯಸ್ಸಿನವರು ಈ ಕಾಲಂ ಮುಂದ ತಡವರಿಸ್ತಾರ, ನಾ ಕಣ್ಣಾರೆ ಕಂಡೀನಿ. ಆವಾಗ ಮನಿಯೊಳಗ ನೀವು ಇರ್ರಿ. 'ಅಪ್ಪಾ, ಅಜ್ಜಿ ನಿನಗ ಯಾವ ಭಾಷಾದಾಗ ಬೈತಿದ್ಲು?' ಅಂತ ಕೇಳ್ರಿ, ಉತ್ತರ ತಾನೇ ಬರ್ತದ.

ರವಿವಾರ ಸಂಜೀಕ ನಮ್ಮ ಕಟ್ಟಿ ಮ್ಯಾಲ ಆರು ಮಂದಿ ಅಕ್ಷರ ಕಲಿಯಾಕ ಕೂಡ್ತೀವಿ. ಯಾರೂ ನಲವತ್ತೈದಕ್ಕ ಕಡಿಮಿ ಇಲ್ಲ. ಕಲಿಸಾಕ ಆ ಹುಡುಗಿ ಒಬ್ಬಾಕಿನೇ, ಆಕಿಗೆ ಪರೀಕ್ಷಾ ಹತ್ರ ಬಂದಾವ. ನಿಮ್ಮೊಳಗ ಇಬ್ಬರು ಬಂದ್ರ ಸಾಕು. ಪಾಟಿ, ಬಳಪ ನಮ್ಮ ಹತ್ರ ಅದಾವ.